ಸೈಕಲ್ ಸವಾರನಿಗೆ ರಸ್ತೆಯಲ್ಲಿ ಪಾಲೆಷ್ಟು?

(ಮಲ್ಲಂದೂರಿನಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಮಾತು ಸೈಕಲ್ಲಿನ ವಿಷಯ ಎಂದು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ಕಡೆ ಬಾಬಾಬುಡನ್‌ಗಿರಿಯ ಸಾಲು, ಇನ್ನೊಂದು ಕಡೆ ಮುತ್ತೋಡಿಯ ಕಾಡು, ನಡುವೆ ತೋಟಗಳನ್ನು ಸುತ್ತಿ ಸುತ್ತಿ ಹೋಗುವ ರಸ್ತೆ. ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಇಂಥ ಮಲ್ಲಂದೂರಿಗೆ ಬಂದು ಸೈಕಲ್ಲಿನ ಮಾತೆತ್ತುವುದು ಬೋಳುತಲೆಯವನಿಗೆ ಬಾಚಣಿಗೆ ಮಾರಿದ ಹಾಗೆ ಎಂದು ಯಾರಾದರೂ ಹೇಳಿಯಾರು.

ಆದರೆ ಸೈಕಲ್ಲಿನ ಪ್ರಸ್ತಾಪ ಬಂದಾಗಲೆಲ್ಲ ಮೂರು ಮಾತುಗಳು ನಮ್ಮ ಕಿವಿಗೆ ಬೀಳುತ್ತವೆ. ಗುಡ್ಡದ ಸೀಮೆಯಲ್ಲಿ ಸೈಕಲ್ ನಡೆಯುವುದಿಲ್ಲ ಎಂಬುದು ಒಂದು. ಸೈಕಲ್ಲಿಗೆಂದೇ ಬೇರೆ ದಾರಿ, ಬೇರೆ ಕಾನೂನು ಮಾಡುವುದು ಸಿರಿವಂತ ದೇಶಗಳ ಶೋಕಿ ಎಂಬುದು ಎರಡು. ಸೈಕಲ್ಲಿನ ಕಾಲವೇ ಮುಗಿಯಿತು ಎಂಬುದು ಮೂರು. ಈ ಮೂರೂ ನಿಜವೋ ಅಲ್ಲವೋ ನೋಡಲು ಯೂರೋಪಿನ ದೇಶಗಳು ಒಳ್ಳೆಯ ಒರೆಗಲ್ಲು. ಅಲ್ಲಿ ನಾಲ್ಕು ಹೆಜ್ಜೆಗೊಂದು ದೇಶ; ಒಂದರ ನೆಲ ಇನ್ನೊಂದರಂತಿಲ್ಲ, ಒಂದರ ಕಾನೂನು ಇನ್ನೊಂದರಂತಿಲ್ಲ. ಅವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಸ್ಪಷ್ಟವಾಗುತ್ತದೆ. ನಾನು ಆ ದೇಶಗಳನ್ನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ಆಮೇಲೆ ನಮ್ಮ ರಸ್ತೆಗೆ ಬರೋಣ.

ಮೊದಲು ಹಾಲೆಂಡ್. ಸೈಕಲ್ ಎಂದರೆ ಎಲ್ಲರೂ ಆ ದೇಶದ ಹೆಸರು ಹೇಳುತ್ತಾರೆ. ಅಲ್ಲಿ ಜನ ಮಾಡುವ ಓಡಾಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೇ ನಡೆಯುತ್ತದೆ. ‘ಅಂಗೈಯಂಥ ನೆಲ, ಕೈತುಂಬ ದುಡ್ಡು, ಅವರಿಗೇನು ಕಷ್ಟ?’ ಎಂದು ನಾವು ಸುಮ್ಮನಾಗುತ್ತೇವೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. 1924ರಲ್ಲಿ ಆ ದೇಶದ ಸರ್ಕಾರ ಪ್ರತಿಯೊಂದು ಸೈಕಲ್ಲಿಗೂ ತೆರಿಗೆ ಹಾಕಿತು. ತೆರಿಗೆ ಕಟ್ಟಿದವನಿಗೆ ಒಂದು ಲೋಹದ ಬಿಲ್ಲೆ. ಕೆಲಸ ಕಳೆದುಕೊಂಡ ಬಡವರಿಗೆ ಬಿಲ್ಲೆಯನ್ನು ಪುಕ್ಕಟೆ ಕೊಟ್ಟರು. ಆದರೆ ಆ ಬಿಲ್ಲೆಯ ನಡುವೆ ಒಂದು ತೂತು ಕೊರೆದು ಕೊಟ್ಟರು. ಇವನು ದುಡ್ಡು ಕಟ್ಟದವನು ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತಾಗಬೇಕಲ್ಲ! ಈ ತೆರಿಗೆ ಹೋದದ್ದು 1941ರಲ್ಲಿ.

ಮಹಾಯುದ್ಧ ಮುಗಿದ ಮೇಲೆ ಅಲ್ಲಿಯೂ ಮೋಟಾರು ಹೆಚ್ಚಿತು. ರಸ್ತೆಗಳನ್ನು ಮೋಟಾರಿಗಾಗಿ ಅಗಲಿಸಿದರು, ಸೈಕಲ್ ಸವಾರರು ಅಂಚಿಗೆ ಸರಿದರು. 1971ನೇ ಒಂದೇ ವರ್ಷದಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನ್ನೂರಕ್ಕಿಂತ ಹೆಚ್ಚು ಮಂದಿ ಮಕ್ಕಳು. ನೆಲ ಆಗಲೂ ಅಂಗೈಯಂತೆಯೇ ಇತ್ತು, ದುಡ್ಡು ಕೈತುಂಬ ಇತ್ತು. ಎರಡೂ ಆ ಮಕ್ಕಳನ್ನು ಕಾಪಾಡಲಿಲ್ಲ. ಕಾಪಾಡಿದ್ದು ಏನು? ಮಗಳನ್ನು ರಸ್ತೆಯಲ್ಲಿ ಕಳೆದುಕೊಂಡ ಒಬ್ಬ ಪತ್ರಕರ್ತ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಪತ್ರಿಕೆಯಲ್ಲಿ ಬರೆದ. ಅದೇ ಹೆಸರಿನಲ್ಲಿ ಚಳವಳಿ ಎದ್ದಿತು. ತಾಯಂದಿರು, ಮಕ್ಕಳು, ಉಪಾಧ್ಯಾಯರು ರಸ್ತೆಗಿಳಿದರು. 1973ರಲ್ಲಿ ಎಣ್ಣೆಯ ಅಭಾವ ಬಂದು ಭಾನುವಾರಗಳಂದು ಕಾರು ಓಡಿಸುವುದನ್ನು ಸರ್ಕಾರ ನಿಲ್ಲಿಸಿದಾಗ, ಕಾರಿಲ್ಲದ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಆಮೇಲೆ ಊರೂರಿಗೆ ಸೈಕಲ್ ದಾರಿಗಳು ಬಂದವು. ಅಂದರೆ ಇವತ್ತು ನಾವು ಚಿತ್ರದಲ್ಲಿ ನೋಡುವ ಹಾಲೆಂಡ್ ಯಾರೋ ದಾನ ಕೊಟ್ಟದ್ದಲ್ಲ, ಕೇಳಿ ಪಡೆದದ್ದು.

ಇನ್ನು ಕಾನೂನಿನ ಮಾತು. ಸೈಕಲ್ಲಿನವನಿಗೆ ಕಾರು ಬಡಿಯಿತು ಎನ್ನಿ. ಒಬ್ಬನ ಸುತ್ತ ಕಬ್ಬಿಣದ ಕೋಟೆ, ಇನ್ನೊಬ್ಬನ ಮೈಮೇಲೆ ಒಂದು ಅಂಗಿ. ತಪ್ಪು ಯಾರದೆಂದು ಯಾರು ರುಜುವಾತು ಮಾಡಬೇಕು? ಇಂಗ್ಲೆಂಡಿನಲ್ಲಿ ಏಟು ತಿಂದವನೇ ಸಾಕ್ಷಿ ಹುಡುಕಿ ಕಾರಿನವನ ತಪ್ಪನ್ನು ತೋರಿಸಬೇಕು. ಹಾಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಹೊಣೆ ಮೋಟಾರಿನ ಕಡೆಗೆ. ಏಟು ತಿಂದದ್ದು ಹದಿನಾಲ್ಕು ತುಂಬದ ಮಗುವಾದರೆ ಮಗುವಿನದೇ ತಪ್ಪಿದ್ದರೂ ಪೂರ್ತಿ ಪರಿಹಾರ. ದೊಡ್ಡವರಾದರೆ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧಕ್ಕೆ ಕಡಿಮೆ ಇಲ್ಲ. ಫ್ರಾನ್ಸಿನಲ್ಲಿ 1985ರಲ್ಲಿ ಬಂದ ಕಾನೂನು ಇದೇ ದಾರಿಯದು: ನಡೆಯುವವನಿಗೂ ಸೈಕಲ್ಲಿನವನಿಗೂ ಆದ ಗಾಯಕ್ಕೆ ಮೋಟಾರಿನ ವಿಮೆಯಿಂದ ಪರಿಹಾರ. ಜರ್ಮನಿಯಲ್ಲಿಯೂ ವಾಹನದ ಒಡೆಯನ ಮೇಲೆ ಹೊಣೆ ಮೊದಲೇ ಕೂತಿರುತ್ತದೆ. ಪಕ್ಕದಲ್ಲಿ ದಾಟಿ ಹೋಗುವಾಗ ಎಷ್ಟು ದೂರ ಬಿಡಬೇಕು ಎಂಬುದನ್ನೂ ಜರ್ಮನಿ 2020ರಲ್ಲಿ ಬರೆದಿಟ್ಟಿತು: ಊರೊಳಗೆ ಒಂದೂವರೆ ಮೀಟರು, ಊರಾಚೆ ಎರಡು ಮೀಟರು. ಫ್ರಾನ್ಸಿನಲ್ಲಿ ಊರೊಳಗೆ ಒಂದು, ಊರಾಚೆ ಒಂದೂವರೆ. ಎರಡು ಮೀಟರೆಂದರೆ ಒಬ್ಬ ಎತ್ತರದ ಆಳು ರಸ್ತೆಗೆ ಅಡ್ಡ ಮಲಗಿದಷ್ಟು ಜಾಗ. ನಮ್ಮ ತಿರುವುಗಳಲ್ಲಿ ನಮಗೆ ಸಿಗುವುದು ಎಷ್ಟು ಗೇಣು ಎಂಬುದನ್ನು ನೀವೇ ಲೆಕ್ಕ ಹಾಕಿ.

ಗುಡ್ಡದ ಸೀಮೆಗೆ ಬರೋಣ, ಏಕೆಂದರೆ ನಮಗೆ ಅದೇ ಮುಖ್ಯ. ಸ್ವಿಟ್ಜರ್ಲೆಂಡ್ ನಮಗಿಂತ ಎಷ್ಟೋ ಪಾಲು ಗುಡ್ಡದ ದೇಶ. ಮುಳ್ಳಯ್ಯನಗಿರಿ ನಮ್ಮ ಕರ್ನಾಟಕಕ್ಕೇ ಎತ್ತರದ ಶಿಖರ. 1,900 ಮೀಟರು ದಾಟುತ್ತದೆ. ಅವರ ಶಿಖರಗಳು ಅದರ ಎರಡರಷ್ಟನ್ನೂ ಮೀರುತ್ತವೆ. ಆ ದೇಶ 1998ರಲ್ಲಿ ಒಂಬತ್ತು ರಾಷ್ಟ್ರೀಯ ಸೈಕಲ್ ದಾರಿಗಳನ್ನು ಗುರುತು ಮಾಡಿತು. ಅದಕ್ಕಾಗಿ ಬೆಟ್ಟ ಕಡಿಯಲಿಲ್ಲ. ಹೊಳೆಯ ದಂಡೆ, ಕಣಿವೆಯ ಹಾದಿ, ವಾಹನ ಕಡಿಮೆ ಇರುವ ಹಳೆಯ ಊರದಾರಿಗಳನ್ನು ಒಂದಕ್ಕೊಂದು ಹೆಣೆದು ಸಂಖ್ಯೆ ಹಾಕಿ ಕೆಂಪು ಹಲಗೆ ನೆಟ್ಟರು. ಹತ್ತಲಾರದ ಏರು ಬಂದರೆ? ಅಂಚೆ ಬಸ್ಸುಗಳ ಹಿಂದೆ ಸೈಕಲ್ ತೂಗುಹಾಕುವ ಕೊಕ್ಕೆಗಳಿವೆ. ಏರನ್ನು ಬಸ್ಸಿನಲ್ಲಿ ಹತ್ತಿ, ಆಚೆ ಕಡೆ ಇಳಿದು, ಸೈಕಲ್ ತುಳಿಯುತ್ತಾ ಹೋಗಬಹುದು.

ನಾರ್ವೆಯ ಟ್ರೋಂಡ್‌ಹೈಮ್ ಎಂಬ ಊರಿನಲ್ಲಿ ಒಂದು ಬೀದಿ ಬಹಳ ಕಡಿದಾದ ಏರು. 1993ರಲ್ಲಿ ಅಲ್ಲಿ ಒಂದು ಉಪಾಯ ಮಾಡಿದರು. ರಸ್ತೆಯ ಅಂಚಿನಲ್ಲಿ ನೆಲಕ್ಕೆ ಸೇರಿಸಿ ಒಂದು ತಂತಿಯ ಯಂತ್ರ. ಸವಾರ ಸೈಕಲ್ಲಿನ ಮೇಲೇ ಕೂತು ಒಂದು ಕಾಲನ್ನು ಅದರ ಮೆಟ್ಟಿಗೆ ಕೊಟ್ಟರೆ ಯಂತ್ರವೇ ಅವನನ್ನು ಮೇಲಕ್ಕೆ ತಳ್ಳುತ್ತದೆ. ಸ್ಪೇನಿನಲ್ಲಿ ಊರಾಚೆಯ ರಸ್ತೆಯಲ್ಲಿ ಸೈಕಲ್ಲಿನವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದಾಗ, ಉದ್ದನೆಯ ಏರು ಹತ್ತುವಾಗ ಅದನ್ನು ತೆಗೆಯಬಹುದೆಂದು ವಿನಾಯಿತಿ ಬರೆದರು. ನಿಯಮ ಬರೆದವನಿಗೆ ಏರು ತುಳಿಯುವವನ ಬೆವರಿನ ಅರಿವಿತ್ತು ಎಂದಾಯಿತು. ಗುಡ್ಡವೆಂಬುದು ನೆವವಾಗದೆ ಲೆಕ್ಕಕ್ಕೆ ಬಂದರೆ ದಾರಿ ಹೀಗೆ ಹುಟ್ಟುತ್ತದೆ.

ಕಾರ್ಮಿಕರಾದ ನಿಮಗೆ ಬೆಲ್ಜಿಯಂ ದೇಶದ ಒಂದು ವಿಷಯ ಹೇಳಲೇಬೇಕು. ಅಲ್ಲಿನ ಲಿಂಬರ್ಗ್ ಪ್ರಾಂತ ಕಲ್ಲಿದ್ದಲ ಗಣಿಗಳ ಸೀಮೆ. ಕೊನೆಯ ಗಣಿ 1992ರಲ್ಲಿ ಮುಚ್ಚಿತು. ಗಣಿಯಲ್ಲಿ ಎಂಜಿನಿಯರಾಗಿದ್ದ ಹ್ಯೂಗೋ ಬೋಲೆನ್ ಎಂಬಾತ ಒಂದು ಯೋಚನೆ ಮಾಡಿದ. ನೆಲದೊಳಗಿನ ಕತ್ತಲ ಸುರಂಗಗಳಲ್ಲಿ ಕವಲು ಕವಲಿಗೂ ಒಂದೊಂದು ಸಂಖ್ಯೆ ಇರುತ್ತದೆ, ಅದನ್ನು ನೋಡಿ ಗಣಿಯವನು ದಾರಿ ಹಿಡಿಯುತ್ತಾನೆ. ಅದನ್ನೇ ನೆಲದ ಮೇಲೆ ಸೈಕಲ್ ದಾರಿಗಳ ಕೂಡುರಸ್ತೆಗಳಿಗೆ ಹಾಕಿದರೆ? 1995ರಲ್ಲಿ ಹಾಗೆಯೇ ಹಾಕಿದರು. ನಾಲ್ಕೈದು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ನಕ್ಷೆ ಓದಲು ಬಾರದವನೂ ದಾರಿ ತಪ್ಪುವುದಿಲ್ಲ. ಈ ಪದ್ಧತಿ ಬೆಲ್ಜಿಯಂ ತುಂಬ, ಹಾಲೆಂಡ್ ತುಂಬ ಹಬ್ಬಿತು. ಗಣಿ ಮುಚ್ಚಿದರೂ ಗಣಿಯ ತಿಳಿವಳಿಕೆ ಲಕ್ಷಾಂತರ ಜನರಿಗೆ ಉಪಯೋಗಕ್ಕೆ ಬಂತು.

ಸೈಕಲ್ಲಿಗೂ ದುಡಿಯುವವರಿಗೂ ಯೂರೋಪಿನಲ್ಲಿ ನಂಟು ಹಳೆಯದು. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯ ಓದುಗರು ಸೈಕಲ್ ಸಂಘ ಕಟ್ಟಿ, ಭಾನುವಾರ ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಪತ್ರಿಕೆ ಹಂಚಿದರು. ಜರ್ಮನಿಯಲ್ಲಿ 1896ರಲ್ಲಿ ಹುಟ್ಟಿದ ‘ಸೋಲಿದಾರಿತೇತ್’ ಎಂಬ ಕಾರ್ಮಿಕ ಸೈಕಲ್ ಒಕ್ಕೂಟ ಲಕ್ಷಗಟ್ಟಲೆ ಸದಸ್ಯರವರೆಗೆ ಬೆಳೆಯಿತು. ಸಹಕಾರ ತತ್ವದ ಮೇಲೆ ಸ್ವಂತ ಸೈಕಲ್ ಅಂಗಡಿಗಳನ್ನೂ ನಡೆಸಿತು. 1933ರಲ್ಲಿ ನಾಜಿಗಳು ಅದನ್ನು ಮುಚ್ಚಿದರು. ಸೈಕಲ್ ಸಂಘಕ್ಕೂ ಹೆದರಿದ ಸರ್ಕಾರವದು!

ರೈಲಿನ ವಿಷಯದಲ್ಲಿಯೂ ದೇಶದೇಶಕ್ಕೆ ವ್ಯತ್ಯಾಸವಿದೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಸ್ಥಳೀಯ ರೈಲುಗಳಲ್ಲಿ 2010ರಿಂದ ಸೈಕಲ್ಲಿಗೆ ದುಡ್ಡಿಲ್ಲ. ಹಾಲೆಂಡಿನಲ್ಲಿ ಸೈಕಲ್ಲಿಗೂ ಟಿಕೀಟು ಬೇಕು. ಕಚೇರಿಯ ನೂಕುನುಗ್ಗಲಿನ ಹೊತ್ತಿನಲ್ಲಿ ಒಯ್ಯುವಂತಿಲ್ಲ. ಯೂರೋಪಿನ ಒಕ್ಕೂಟ 2021ರಲ್ಲಿ ಮಾಡಿದ ನಿಯಮದಲ್ಲಿ, ಹೊಸದಾಗಿ ಕೊಳ್ಳುವ ರೈಲುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸೈಕಲ್ಲಿಗಾದರೂ ಜಾಗ ಇರಬೇಕೆಂದಿದೆ. ನಮ್ಮ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ನಮ್ಮ ರೈಲ್ವೆಯಲ್ಲಿ ಸೈಕಲ್ ಒಯ್ಯಬೇಕೆಂದರೆ ಪಾರ್ಸೆಲ್ ಕಚೇರಿಗೆ ಹೋಗಿ ಸಾಮಾನಿನಂತೆ ಬುಕ್ ಮಾಡಬೇಕು.

ಈಗ ನಮ್ಮ ಮನೆಯ ಲೆಕ್ಕ. ಹಿಂದೆ ನಮ್ಮಲ್ಲಿಯೂ ಸೈಕಲ್ಲಿಗೆ ಮುನಿಸಿಪಾಲಿಟಿಯ ಬಿಲ್ಲೆ ಇತ್ತು. ರಾತ್ರಿ ದೀಪವಿಲ್ಲದಿದ್ದರೆ ದಂಡ, ಡಬಲ್ಸ್ ಹೋದರೆ ದಂಡ. ಇವೆಲ್ಲ ಹಿರಿಯರಿಗೆ ನೆನಪಿರಬೇಕು. ಸೈಕಲ್ಲಿನವನು ಏನು ಮಾಡಬಾರದು ಎಂಬುದಕ್ಕೆ ನಿಯಮಗಳಿದ್ದವು. ಅವನಿಗೆ ಏನು ಕೊಡಬೇಕು ಎಂಬುದಕ್ಕೆ? ಅದೂ ಇತ್ತು, ಕಾಗದದ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ 1962ರಲ್ಲಿಯೇ ಸೈಕಲ್ ದಾರಿಗಳ ಬಗ್ಗೆ ಸೂಚನೆಗಳನ್ನು ಅಚ್ಚು ಹಾಕಿಸಿತು. ಅದರ ಪ್ರಕಾರ ಮೋಟಾರು ಓಡಾಡುವ ರಸ್ತೆಯಲ್ಲಿ, ಜನಸಂದಣಿಯ ಒಂದು ಗಂಟೆಯಲ್ಲಿ ನಾನ್ನೂರು ಸೈಕಲ್ ಹಾದುಹೋದರೆ ಬೇರೆ ದಾರಿ ಮಾಡಬಹುದು. ಹೊಳೆಗೆ ಸಂಕ ಬೇಕೆಂದವರಿಗೆ ‘ಮೊದಲು ನಾನ್ನೂರು ಜನ ಈಜಿ ದಾಟಿ ತೋರಿಸಿ’ ಎಂದ ಹಾಗಾಯಿತು! ಈ ಸೂಚನೆಗಳನ್ನು ಪರಿಷ್ಕರಿಸಿದ್ದು 2015ರಲ್ಲಿ.

ಬೆಂಗಳೂರಿನ ಜಯನಗರದಲ್ಲಿ 2012ರಲ್ಲಿ ಸೈಕಲ್ ದಾರಿಗಳನ್ನು ಗುರುತು ಮಾಡಿದರು. ಗೆರೆ ಎಳೆದ ಜಾಗದಲ್ಲಿ ಕಾರುಗಳು ನಿಂತವು; ದಾರಿ ಹೋಯಿತು, ಗೆರೆ ಮಾತ್ರ ಉಳಿಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಇನ್ನೊಂದು ಪ್ರಯತ್ನ ಮಾಡಿದರು. ಅದೂ ಬಹುಕಾಲ ಬಾಳಲಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾಯಿತು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಒಳ್ಳೆಯ ಕೆಲಸ. ಇದಕ್ಕೆ ತದ್ವಿರುದ್ಧವಾಗಿ ಕೊಲ್ಕತ್ತದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದರು. ಹಾಲಿನವನು, ಪೇಪರಿನವನು, ತರಕಾರಿಯವನು, ಎಲ್ಲರಿಗೂ ದಂಡ! ಅದೂ 2011ರ ಜನಗಣತಿ, ಬೇಸಾಯ ಮತ್ತು ಮನೆಕೈಗಾರಿಕೆ ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ದೇಶದಾದ್ಯಂತ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುತ್ತಾರೆಂದು ಲೆಕ್ಕ ಕೊಟ್ಟ ಎರಡೇ ವರ್ಷಕ್ಕೆ. ಸೈಕಲ್ಲಿನ ಕಾಲ ಮುಗಿಯಿತು ಎನ್ನುವವರು ಈ ಅಂಕಿಯನ್ನು ನೋಡಬೇಕು. ಮುಗಿದದ್ದು ಸೈಕಲ್ಲಿನ ಕಾಲವಲ್ಲ, ಸೈಕಲ್ಲಿನವನನ್ನು ಲೆಕ್ಕಕ್ಕೆ ಹಿಡಿಯುವ ಕಾಲ.

ನಮ್ಮ ರಾಜ್ಯದ ಮಟ್ಟಿಗೆ ದೊಡ್ಡ ಕೆಲಸವೆಂದರೆ 2006-07ರಲ್ಲಿ ಆರಂಭವಾದ ಶಾಲಾ ಸೈಕಲ್ ಯೋಜನೆ. ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಮೊದಲು, ಆಮೇಲೆ ಗಂಡುಮಕ್ಕಳಿಗೂ ಸರ್ಕಾರ ಸೈಕಲ್ ಕೊಟ್ಟಿತು. ಬಯಲುಸೀಮೆಯ ಹಳ್ಳಿಗಳಿಂದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತ ಹೈಸ್ಕೂಲಿಗೆ ಹೋಗುವುದನ್ನು ನೋಡಿದರೆ ಯಾವ ಮೇಷ್ಟರಿಗಾದರೂ ಮನಸ್ಸು ತುಂಬುತ್ತಿತ್ತು. 2020ರ ಕೊರೊನಾ ಕಾಲದಿಂದೀಚೆಗೆ ಆ ವಿತರಣೆ ನಿಂತಿತು. ಆದರೆ ಮಲೆನಾಡಿನಲ್ಲಿ ಅದರ ಕಥೆ ಬೇರೆ. ಕಡೂರಿನ ಬಯಲಿಗೂ ನಮ್ಮ ಏರಿಗೂ ಒಂದೇ ಸೈಕಲ್, ಒಂದೇ ಗೇರು. ಏರಿನಲ್ಲಿ ಮಗು ಸೈಕಲ್ಲನ್ನು ತಳ್ಳಬೇಕು. ಇಳುಕಲಿನಲ್ಲಿ, ಒದ್ದೆ ರಸ್ತೆಯಲ್ಲಿ, ಬ್ರೇಕ್ ಕಟ್ಟೆ ಸವೆದಿದ್ದರೆ ದೇವರೇ ಗತಿ. ಬಸ್ ಪಾಸ್ ಪಡೆದ ಮಗುವಿಗೆ ಸೈಕಲ್ ಇಲ್ಲ ಎಂದೂ ನಿಯಮವಿತ್ತು. ನಮ್ಮಲ್ಲಿ ಬಸ್ಸು ನಿಲ್ಲುವುದು ಹ್ಯಾಂಡ್‌ಪೋಸ್ಟಿನಲ್ಲಿ. ಲೈನ್ ಮನೆ ಇರುವುದು ತೋಟದೊಳಗೆ, ಅಲ್ಲಿಂದ ಎಷ್ಟೋ ದೂರ. ಆ ದೂರಕ್ಕೆ ಸೈಕಲ್ಲೂ ಬೇಕು, ಮುಂದಿನ ದೂರಕ್ಕೆ ಬಸ್ಸೂ ಬೇಕು. ಒಂದು ಕೊಟ್ಟರೆ ಇನ್ನೊಂದಿಲ್ಲ ಎಂಬ ನಿಯಮ ಬಯಲಿನಲ್ಲಿ ಕೂತು ಬರೆದದ್ದು.

ಇನ್ನೊಂದು ತೊಂದರೆ ಹೊಸದು. ಶನಿವಾರ, ಭಾನುವಾರ ಬಂತೆಂದರೆ ಗಿರಿ ನೋಡಲು ಬರುವ ಕಾರುಗಳ ಸಾಲು. ಬರಲಿ, ಹೋಟೆಲಿನವರಿಗೆ, ಅಂಗಡಿಯವರಿಗೆ ನಾಲ್ಕು ಕಾಸು ಆಗಲಿ. ಆದರೆ ಆ ಸಾಲಿನ ಪಕ್ಕದಲ್ಲಿ ಪೇಟೆಯಿಂದ ಸಾಮಾನು ಹೇರಿಕೊಂಡು ಬರುವ ಸಣ್ಣ ವ್ಯಾಪಾರಿ, ಕೆಲಸ ಮುಗಿಸಿ ಮನೆಗೆ ಹೋಗುವ ಕೂಲಿಯವಳು, ಟ್ಯೂಷನ್ನಿಗೆ ಹೊರಟ ಮಗು, ಇವರು ಎಲ್ಲಿ ಕಾಲಿಡಬೇಕು? ಟಾರಿನ ಅಂಚು ಮುಗಿದ ಕೂಡಲೆ ಚರಂಡಿ; ಚರಂಡಿಯ ಆಚೆ ತೋಟದ ಬೇಲಿ. 2025ರಲ್ಲಿ ಜಿಲ್ಲಾಡಳಿತ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿ ಮತ್ತು ಮಿತಿಯನ್ನು ತಂದಿತು. ಇದರಿಂದ ಒಂದು ವಿಷಯ ಸಿದ್ಧವಾಯಿತು: ರಸ್ತೆ ಎಷ್ಟು ವಾಹನ ತಡೆಯುತ್ತದೆ ಎಂದು ಲೆಕ್ಕ ಹಾಕಿ ಹಂಚುವುದು ಸರ್ಕಾರದಿಂದ ಆಗದ ಕೆಲಸವಲ್ಲ. ಬೆಟ್ಟದ ರಕ್ಷಣೆಗೆ ಆ ಲೆಕ್ಕ ಬಂದಿದ್ದರೆ, ಊರಿನವರ ರಕ್ಷಣೆಗೆ ಏಕೆ ಬರಬಾರದು?

ಹಾಗಾದರೆ ನಾವು ಕೇಳಬೇಕಾದದ್ದೇನು? ಹಾಲೆಂಡಿನ ದಾರಿಗಳನ್ನು ಇಲ್ಲಿಗೆ ಹೊತ್ತು ತನ್ನಿ ಎಂದು ಯಾರೂ ಕೇಳುವುದಿಲ್ಲ. ನಾಲ್ಕೇ ಮಾತು. ಒಂದು, ರಸ್ತೆಗೆ ಹೊಸ ಟಾರು ಹಾಕುವಾಗ ಅಂಚಿನ ಮಣ್ಣನ್ನು ಗಟ್ಟಿಮಾಡಿ, ಊರು, ಶಾಲೆ ಮತ್ತು ಲೈನ್ ಮನೆಗಳಿರುವ ಕಡೆ ಚರಂಡಿಗೆ ಹಾಸುಗಲ್ಲು ಮುಚ್ಚಲಿ. ಅಷ್ಟೇ ಆದರೂ ಒಬ್ಬ ಮನುಷ್ಯ ನಡೆಯುವಷ್ಟು, ಒಂದು ಸೈಕಲ್ ಹೋಗುವಷ್ಟು ಜಾಗ ಸಿಗುತ್ತದೆ. ಎರಡು, ಆ ಜಾಗಗಳಲ್ಲಿ ವೇಗಮಿತಿಯ ಹಲಗೆ ಮತ್ತು ಉಬ್ಬು. ಮೂರು, ಏರು ಹತ್ತುವ ಸರ್ಕಾರಿ ಬಸ್ಸುಗಳಲ್ಲಿ ನಾಲ್ಕು ಸೈಕಲ್ಲಿಗೆ ಕೊಕ್ಕೆ. ಬಸ್ಸಿನ ನೆತ್ತಿಯ ಮೇಲೆ ಕ್ಯಾರಿಯರ್ ಇದ್ದ ಕಾಲದಲ್ಲಿ ಮೂಟೆಯ ಜೊತೆಗೆ ಸೈಕಲ್ಲೂ ಏರುತ್ತಿತ್ತು. ಇದು ಹೊಸ ವಿದ್ಯೆಯೇನಲ್ಲ. ನಾಲ್ಕು, ಶಾಲಾ ಮಕ್ಕಳಿಗೆ ಸೈಕಲ್ ಕೊಡುವುದಾದರೆ ಮಲೆನಾಡಿಗೆ ಗೇರಿನ ಸೈಕಲ್, ಒಳ್ಳೆಯ ಬ್ರೇಕು, ಅದರ ಜೊತೆಗೆ ಬಸ್ ಪಾಸೂ.

ಇದಲ್ಲದೆ ಈಗಲೇ ನಮ್ಮ ಕೈಯಲ್ಲಿರುವ ಒಂದು ಹಕ್ಕಿದೆ, ಅದನ್ನು ಮರೆಯಬೇಡಿ. ನಮ್ಮ ಮೋಟಾರು ವಾಹನ ಕಾನೂನಿನಲ್ಲಿಯೂ 2019ರ ತಿದ್ದುಪಡಿಯಾದ ಮೇಲೆ, 2022ರ ಏಪ್ರಿಲ್ ಒಂದರಿಂದ, ಯಾರ ತಪ್ಪು ಎಂದು ರುಜುವಾತು ಮಾಡದೆಯೇ ಪರಿಹಾರ ಕೇಳುವ 164ನೇ ಕಲಮು ಜಾರಿಯಲ್ಲಿದೆ. ಮೋಟಾರು ವಾಹನ ಬಡಿದು ಸಾವಾದರೆ 5 ಲಕ್ಷ ರೂಪಾಯಿ, ತೀವ್ರ ಗಾಯವಾದರೆ ಎರಡೂವರೆ ಲಕ್ಷ. ಬಡಿದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ತಪ್ಪನ್ನು ತೋರಿಸಲು ಸಾಕ್ಷಿಯಿದ್ದರೆ ಹೆಚ್ಚಿನ ಪರಿಹಾರಕ್ಕೆ ಬೇರೆ ಕಲಮಿದೆ. ಯಾವುದನ್ನು ಹಿಡಿಯಬೇಕೆಂದು ವಕೀಲರನ್ನು ಕೇಳಿಯೇ ಅರ್ಜಿ ಹಾಕಿ. ಕೂಡಲೆ ಪೊಲೀಸರಿಗೆ ದೂರು ಕೊಡಬೇಕು, ಆಸ್ಪತ್ರೆಯ ಕಾಗದ ಜೋಪಾನ ಮಾಡಬೇಕು, ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಕಾರಿನವರು ಕೈಗೆ ಐದು ಸಾವಿರ ತುರುಕಿ ‘ಕೇಸು ಬೇಡ’ ಎಂದರೆ, ಮನೆಯ ಯಜಮಾನ ಆಸ್ಪತ್ರೆಯಲ್ಲಿ ಮಲಗಿರುವಾಗ ಅದು ದೊಡ್ಡ ಹಣವಾಗಿ ಕಾಣುತ್ತದೆ. ಅದನ್ನು ಹಿಡಿದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಓದು ಬಲ್ಲ ಒಬ್ಬರನ್ನು ಕೇಳಿ.

ಸ್ನೇಹಿತರೆ, ಮೊದಲು ಹೇಳಿದ ಮೂರು ಮಾತುಗಳ ಗತಿ ಏನಾಯಿತು ನೋಡಿ. ಗುಡ್ಡ ಅಡ್ಡಿ ಎಂದರೆ ಸ್ವಿಟ್ಜರ್ಲೆಂಡ್ ಉತ್ತರ ಕೊಟ್ಟಿದೆ. ದುಡ್ಡಿದ್ದರೆ ತಾನಾಗಿ ಆಗುತ್ತದೆ ಎಂದರೆ 1971ರ ಹಾಲೆಂಡ್ ಉತ್ತರ ಕೊಟ್ಟಿದೆ. ಕಾಲ ಮುಗಿಯಿತು ಎಂದರೆ ನಮ್ಮದೇ ಜನಗಣತಿ ಉತ್ತರ ಕೊಟ್ಟಿದೆ. ಉಳಿದದ್ದು ಒಂದೇ: ಕೇಳುವವರಿದ್ದಾರೆಯೇ ಎಂಬುದು. ಮುಂದಿನ ಗ್ರಾಮಸಭೆಗೆ ನಮ್ಮ ಊರಿನ ರಸ್ತೆಯಲ್ಲಿ ಚರಂಡಿ ಬಾಯಿ ತೆರೆದ ಜಾಗಗಳ ಪಟ್ಟಿ, ಮಕ್ಕಳು ರಸ್ತೆ ದಾಟುವ ಜಾಗಗಳ ಪಟ್ಟಿ ಬರೆದುಕೊಂಡು ಹೋಗೋಣ. ಹೆಸರು ಹಾಕಿ, ರುಜು ಹಾಕಿ, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರೋಣ. ಪಟ್ಟಿ ಬರೆಯಲು ಬರುವವರು ಈ ಸಭೆಯಲ್ಲಿ ಬೇಕಾದಷ್ಟು ಜನರಿದ್ದೀರಿ. ಇಂದು ಸಭೆ ಮುಗಿದ ಮೇಲೆ ಅರ್ಧ ಗಂಟೆ ಉಳಿಯಿರಿ, ಇಲ್ಲಿಯೇ ಶುರು ಮಾಡೋಣ.